ಸೀನನಿಗೆ, ವಕಾಂಡಾ ವಿಷಯವಾಗಿ

ಸೀನ,

ನಿನ್ನ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಒಂದೂವರೆ ಪಟ್ಟು ಸ್ಪೀಡಿನಲ್ಲಿ. ಆ ಸ್ಪೀಡಿನಲ್ಲಿ ನೀನು ಸ್ವಲ್ಪ ವಿಷಯ ತಿಳಿದವನ ಹಾಗೆ ಕೇಳಿಸುತ್ತೀಯ. 2018ರ ಸೂಪರ್‌ಹೀರೋ ಸಿನಿಮಾ ‘ಬ್ಲ್ಯಾಕ್ ಪ್ಯಾಂಥರ್’ ಸುಮ್ನೆ ಹೊಗಳಿಸಿಕೊಂಡದ್ದು, ಕಪ್ಪು ಜನ ಮಾಡಿದರು ಅನ್ನೋ ಒಂದೇ ಕಾರಣಕ್ಕೆ ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸಿದರು ಅಂತ ನಿನ್ನ ತೀರ್ಪು. ಇದಕ್ಕೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಬಾಯಿ ಬಿಡಲು ಬಿಡುವುದಿಲ್ಲ. ಇಲ್ಲಿ ಬರೆದರೆ ನಾಲ್ಕು ಜನ ನೋಡುತ್ತಿರುತ್ತಾರೆ, ಸ್ವಲ್ಪ ಮರ್ಯಾದೆಯಿಂದ ಇರುತ್ತೀಯ. ಪುಟ್ಟಸ್ವಾಮಿ ಸೈಕಲ್ ವಿಷಯವನ್ನು ನೀನು ಕೆಳಗೆ ಎತ್ತಿದರೆ ನಾನು ಶ್ರವಣಬೆಳಗೊಳದ ವಿಷಯ ಎತ್ತುತ್ತೇನೆ. ನೆನಪಿರಲಿ.

ಮೊದಲು ನೀನು ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪಿಬಿಡುತ್ತೇನೆ, ಜಗಳ ಆಮೇಲೆ. ಕ್ಲೈಮ್ಯಾಕ್ಸ್ ಕೆಟ್ಟದಾಗಿದೆ. ನೆಲದಡಿಯ ರೈಲು ಹಳಿಯ ಮೇಲೆ ಹೀರೋ ವಿಲನ್ ಇಬ್ಬರೂ ಪ್ಯಾಂಥರ್ ಸೂಟು ತೊಟ್ಟು ಹೊಡೆದಾಡುವಾಗ ಮನುಷ್ಯರ ಮೈತೂಕವೇ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಅವಸರಕ್ಕೆ ಮಾಡಿ ಮುಗಿಸಿದ್ದು ಅಂತ ಎದ್ದು ಕಾಣುತ್ತದೆ. ಮೇಲೆ ಬಯಲಿನಲ್ಲಿ ಘೇಂಡಾಮೃಗ ನುಗ್ಗಿಸಿ ಯುದ್ಧ. ವಕಾಂಡಾ ಅನ್ನೋ ಆಫ್ರಿಕಾದ ಕಲ್ಪನೆಯ ದೇಶ ಜಗತ್ತಿನಲ್ಲೇ ಅತಿ ಮುಂದುವರಿದದ್ದಂತೆ, ರಾಜ ಯಾರು ಅಂತ ತೀರ್ಮಾನಿಸಲು ಜಲಪಾತದ ಅಂಚಿನಲ್ಲಿ ಕುಸ್ತಿ. ವೈಬ್ರೇನಿಯಂ ಅನ್ನೋ ಕಲ್ಪನೆಯ ಲೋಹದಲ್ಲಿ ಏನೆಲ್ಲ ಮಾಡಿದರು, ಒಂದು ಮತಪೆಟ್ಟಿಗೆ ಮಾತ್ರ ಮಾಡಲಿಲ್ಲ.

ನಿನಗೆ ಹೊಳೆಯದ ಒಂದು ದೋಷ ನಾನೇ ಹೇಳುತ್ತೇನೆ. ಎವೆರೆಟ್ ರಾಸ್. ಅಮೆರಿಕದ ಗೂಢಚಾರ ಇಲಾಖೆ ಸಿಐಎದ ಬಿಳಿ ಮನುಷ್ಯ. ಹೀರೋ ತಂಗಿ ಶುರಿ ಅವನನ್ನು ವಸಾಹತುಗಾರ ಅಂತ ಗೇಲಿ ಮಾಡಿದಾಗ ನಾವೆಲ್ಲ ನಕ್ಕೆವು. ಆದರೆ ಕೊನೆಗೆ ಆಯುಧ ಹೊತ್ತು ಹೊರಟ ವಿಮಾನಗಳನ್ನು ಹೊಡೆದು ಬೀಳಿಸುವ ಒಳ್ಳೆಯವನು ಅವನೇ. ಕಾಂಗೋದ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು ಕೊಲ್ಲಲು ಸಿಐಎ ಸಂಚು ಮಾಡಿತ್ತು ಅಂತ ಅಮೆರಿಕದ ಸೆನೆಟ್ ಸಮಿತಿಯೇ 1975ರಲ್ಲಿ ಬರೆದಿದೆ. ಆಫ್ರಿಕಾದ ಬಗ್ಗೆ ಇಷ್ಟು ಪ್ರೀತಿಯಿಂದ ಮಾಡಿದ ಸಿನಿಮಾದಲ್ಲಿ ಆ ಇಲಾಖೆಯವನಿಗೆ ಹೀರೋ ಸ್ನೇಹಿತನ ಪಾತ್ರ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಜಗಳ.

ಎಂಬಾಕು ನೆನಪಿದ್ದಾನಲ್ಲ, ಬೆಟ್ಟದ ಮೇಲಿನ ಜಬಾರಿ ಪಂಗಡದ ನಾಯಕ. 1969ರ ಕಾಮಿಕ್ಸಿನಲ್ಲಿ ಅವನು ವಿಲನ್. ‘ಮ್ಯಾನ್ ಏಪ್’ ಅಂತ ಹೆಸರು, ಗೊರಿಲ್ಲಾ ಚರ್ಮ ಹೊದ್ದ ಕಪ್ಪು ಮನುಷ್ಯ. ಬ್ಲ್ಯಾಕ್ ಪ್ಯಾಂಥರನನ್ನು 1966ರಲ್ಲಿ ಹುಟ್ಟಿಸಿದ್ದೂ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಅನ್ನೋ ಇಬ್ಬರು ಬಿಳಿಯರೇ. ನಿರ್ದೇಶಕ ರಯಾನ್ ಕೂಗ್ಲರ್ ಆ ಹೆಸರನ್ನು ಕಿತ್ತು ಹಾಕಿ, ಎಂಬಾಕುಗೆ ಗತ್ತು ಕೊಟ್ಟ, ನಗು ಕೊಟ್ಟ. ಮಾತಾಡಲು ಬಂದ ರಾಸ್‌ನ ಬಾಯನ್ನು ಬೊಗಳಿ ಮುಚ್ಚಿಸುತ್ತಾನೆ, ನಿನ್ನನ್ನು ನನ್ನ ಮಕ್ಕಳಿಗೆ ತಿನ್ನಿಸುತ್ತೇನೆ ಅಂತ ಹೆದರಿಸುತ್ತಾನೆ, ಆಮೇಲೆ ನಾವು ಸಸ್ಯಾಹಾರಿಗಳು ಅಂತ ನಗುತ್ತಾನೆ. ಆಫ್ರಿಕಾದವರನ್ನು ನರಭಕ್ಷಕರು ಅಂತ ತೋರಿಸಿಕೊಂಡು ಬಂದ ಎಷ್ಟೋ ವರ್ಷಗಳ ಸಿನಿಮಾಗಳಿಗೆ ಒಂದೇ ಜೋಕಿನಲ್ಲಿ ಉತ್ತರ.

ಆ ಜಬಾರಿಗಳ ದೇವರು ಹನುಮಾನ್. ನಮ್ಮ ದೇಶದ ಸೆನ್ಸಾರಿನವರು ಆ ಹೆಸರು ಬಂದ ಕಡೆ ಸದ್ದು ತೆಗೆಸಿದ್ದರು. ತುಟಿ ಆಡಿತು, ಶಬ್ದ ಬರಲಿಲ್ಲ. ನೀನು ಎದ್ದು ನಿಂತು “ಸೌಂಡ್ ಕೊಡ್ರಯ್ಯಾ” ಅಂತ ಕೂಗಿದೆ. ಮಲ್ಟಿಪ್ಲೆಕ್ಸಿನಲ್ಲಿ, ಇಂಗ್ಲಿಷ್ ಪಿಕ್ಚರಿಗೆ. ಅವತ್ತು ನಿನ್ನ ಪಕ್ಕ ಕೂತಿದ್ದವನು ನಾನಲ್ಲ ಅಂತ ಇಂಟರ್ವೆಲ್‌ನಲ್ಲಿ ಒಬ್ಬರಿಗೆ ಹೇಳಿದ್ದೆ.

ಹೀರೋ ಟಿಚಾಲನ ಪಾತ್ರ ಮಾಡಿದ ಚಾಡ್ವಿಕ್ ಬೋಸ್ಮನ್ ವಿಷಯಕ್ಕೆ ಬಾ. ಟಿಚಾಲ ಆಫ್ರಿಕಾದ ಉಚ್ಚಾರದಲ್ಲೇ ಮಾತಾಡಬೇಕು ಅಂತ ಹಟ ಹಿಡಿದವನು ಅವನು. ಗುಲಾಮರಾಗದ ನಾಡಿನ ರಾಜ ಇಂಗ್ಲೆಂಡಿನವರ ಹಾಗೆ ಯಾಕೆ ಮಾತಾಡಬೇಕು ಅನ್ನೋದು ಅವನ ವಾದ. ಟಿಚಾಲನ ಅಪ್ಪನ ಪಾತ್ರ ಮಾಡಿದ ಜಾನ್ ಕಾನಿ ದಕ್ಷಿಣ ಆಫ್ರಿಕಾದವರು. ಅವರ ಕೋಸಾ ಭಾಷೆಯೇ ವಕಾಂಡಾದ ಭಾಷೆ ಆಯಿತು. ಬೋಸ್ಮನ್‌ಗೆ 2016ರಲ್ಲೇ ಕರುಳಿನ ಕ್ಯಾನ್ಸರ್ ಪತ್ತೆಯಾಗಿತ್ತು. ಯಾರಿಗೂ ಹೇಳದೆ ಚಿಕಿತ್ಸೆಯ ಮಧ್ಯೆ ಇಷ್ಟೆಲ್ಲ ಮಾಡಿ 2020ರ ಆಗಸ್ಟಿನಲ್ಲಿ ಹೋದ. 43 ವರ್ಷ. ಈಗ ಜಲಪಾತದ ದೃಶ್ಯ ನೋಡಿದರೆ ಕಥೆಯ ಕಡೆ ಗಮನ ನಿಲ್ಲುವುದಿಲ್ಲ, ಆ ಮೈಯನ್ನೇ ನೋಡುತ್ತೇನೆ.

ಬಟ್ಟೆಬರೆ ಎಲ್ಲ ಕಲಸುಮೇಲೋಗರ ಅಂತ ನೀನು ಹೇಳಿದ್ದು ಅರ್ಧ ನಿಜ. ರೂತ್ ಕಾರ್ಟರ್ ಆಸ್ಕರ್ ಗೆದ್ದಿದ್ದು ಸುಮ್ನೆ ಅಲ್ಲ. ರಾಣಿ ರಮೋಂಡಾಳ ಕಿರೀಟ ದಕ್ಷಿಣ ಆಫ್ರಿಕಾದ ಜುಲು ಜನರಲ್ಲಿ ಮದುವೆಯಾದ ಹೆಂಗಸರು ತೊಡುವ ಟೋಪಿಯಿಂದ ಬಂದದ್ದು, ಅದನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿದ್ದಾರೆ. ಗಡಿ ಕಾಯುವವರ ಕಂಬಳಿ ಲೆಸೋಥೋದ್ದು. ಒಂದು ಕಡೆ ಇಥಿಯೋಪಿಯಾದ ತುಟಿ ತಟ್ಟೆ, ಇನ್ನೊಂದು ಕಡೆ ನಮೀಬಿಯಾದ ಹಿಂಬಾ ಜನ ಮೈಗೆ ಬಳಿಯುವ ಕೆಮ್ಮಣ್ಣು. ಕಣ್ಣಿಗೆ ಹಬ್ಬ. ಆದರೆ ಯಕ್ಷಗಾನದ ಕಿರೀಟ, ಪಂಜಾಬಿನ ಭಾಂಗ್ಡಾ, ನಾಗಾ ಶಾಲು ಎಲ್ಲವನ್ನೂ ಒಂದೇ ಮದುವೆಮನೆಯಲ್ಲಿ ಸೇರಿಸಿ ಇದೇ ನಮ್ಮೂರು ಅಂದ ಹಾಗೆ. ಐವತ್ತಕ್ಕಿಂತ ಜಾಸ್ತಿ ದೇಶಗಳ ಖಂಡ ಒಂದೇ ಊರಾಗಿಬಿಟ್ಟಿದೆ.

ಇದರಲ್ಲಿ ಏನಾಯಿತು ಅಂತ ಕೇಳಬೇಡ. 2016ರಲ್ಲಿ ಬೆಂಗಳೂರಿನ ಸೋಲದೇವನಹಳ್ಳಿ ಕಡೆ ಸುಡಾನಿನ ವಿದ್ಯಾರ್ಥಿಯ ಕಾರು ಡಿಕ್ಕಿಯಾಗಿ ಒಬ್ಬ ಹೆಂಗಸು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ಹುಡುಗಿಯನ್ನು ಗುಂಪು ಹಿಡಿದು ಹೊಡೆಯಿತು, ಕಾರು ಸುಟ್ಟಿತು. ದೇಶ ಬೇರೆ, ಕಾರು ಬೇರೆ. ಬಣ್ಣ ಒಂದೇ ಇತ್ತು, ಅಷ್ಟು ಸಾಕಾಯಿತು. ಎರಡು ವರ್ಷದ ಮೇಲೆ ಅದೇ ಊರಿನ ಥಿಯೇಟರುಗಳಲ್ಲಿ ವಕಾಂಡಾಕ್ಕೆ ಶಿಳ್ಳೆ ಬಿತ್ತು.

ನಿನಗೆ ವಿಲನ್ ಕಿಲ್‌ಮಾಂಗರ್ ಇಷ್ಟ ಅಂದೆ. ನನಗೂ. ಇಡೀ ಸಿನಿಮಾದಲ್ಲಿ ನ್ಯಾಯದ ಪ್ರಶ್ನೆ ಕೇಳುವವನು ಅವನೊಬ್ಬನೇ. ಲಂಡನ್ ಮ್ಯೂಸಿಯಂ ದೃಶ್ಯ ನೋಡು. ಇದನ್ನೆಲ್ಲ ನಿಮ್ಮ ಹಿರಿಯರು ದುಡ್ಡು ಕೊಟ್ಟು ತಂದರೋ ಕಿತ್ತುಕೊಂಡು ತಂದರೋ ಅಂತ ಅಲ್ಲಿನ ಮೇಡಂಗೆ ಕೇಳುತ್ತಾನೆ. ಬ್ರಿಟಿಷ್ ಸೇನೆ 1897ರಲ್ಲಿ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ಅರಮನೆಯನ್ನು ದೋಚಿದ್ದು ಗೊತ್ತಿದ್ದರೆ ಆ ದೃಶ್ಯ ಇನ್ನೂ ಚುಚ್ಚುತ್ತದೆ. ಸೆಕ್ಯೂರಿಟಿಯವರು ಕಣ್ಣಿಟ್ಟಿರುವುದು ಮಾತ್ರ ಬಾಗಿಲು ದಾಟಿ ಬಂದಾಗಿನಿಂದ ಅವನ ಮೇಲೆ. ವಕಾಂಡಾದವರಿಗೂ ಅವನದು ಅದೇ ಥರದ ಪ್ರಶ್ನೆ: ನಮ್ಮವರು ಜಗತ್ತಿನ ತುಂಬ ಸಾಯುತ್ತಿದ್ದಾಗ ನೀವು ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದಿರಿ? ಇದಕ್ಕೆ ಸಿನಿಮಾದ ಬಳಿ ಉತ್ತರ ಇಲ್ಲ. ಅದಕ್ಕೆ ಅವನ ಕೈಯಲ್ಲಿ ಸ್ವಂತ ಗೆಳತಿಯನ್ನು ಕೊಲ್ಲಿಸಿ, ಮುದುಕಿಯ ಕತ್ತು ಹಿಸುಕಿಸಿ, ತೋಟಕ್ಕೆ ಬೆಂಕಿ ಇಡಿಸಿ, ನೋಡಿ ಇವನು ಕೆಟ್ಟವನು ಅಂತ ನಮಗೆ ಸಮಾಧಾನ ಮಾಡಿತು. ಕಡೆಗೆ ಟಿಚಾಲ ಅಮೆರಿಕದ ಓಕ್ಲೆಂಡಿನಲ್ಲಿ ಕಟ್ಟಡ ಕೊಂಡು ಸಮುದಾಯ ಕೇಂದ್ರ ಮಾಡುತ್ತಾನೆ. ನಾನೂರು ವರ್ಷದ ಲೆಕ್ಕ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಚುಕ್ತಾ.

ಆದರೆ ಕೂಗ್ಲರ್ ದಡ್ಡನಲ್ಲ ಕಣೋ. ಅವನು ಓಕ್ಲೆಂಡಿನಲ್ಲೇ ಹುಟ್ಟಿದವನು. 2009ರ ಹೊಸ ವರ್ಷದ ದಿನ ಅದೇ ಊರಿನ ಫ್ರೂಟ್‌ವೇಲ್ ರೈಲು ನಿಲ್ದಾಣದಲ್ಲಿ ಆಸ್ಕರ್ ಗ್ರಾಂಟ್ ಅನ್ನೋ 22 ವರ್ಷದ ಕಪ್ಪು ಹುಡುಗನನ್ನು ಮಕಾಡೆ ಮಲಗಿಸಿ ರೈಲ್ವೆ ಪೊಲೀಸ್ ಗುಂಡು ಹೊಡೆದ. ಕೂಗ್ಲರನ ಮೊದಲ ಸಿನಿಮಾ ಅದರ ಮೇಲೆ. ಆಸ್ಕರ್ ಆಗಿದ್ದವನು ಯಾರು? ಮೈಕಲ್ ಬಿ. ಜೋರ್ಡನ್, ನಮ್ಮ ಕಿಲ್‌ಮಾಂಗರ್. ಇಲ್ಲೂ ಅವನಿಗೆ ಸಾವಿನ ಪೆಟ್ಟು ಬೀಳುವುದು ರೈಲು ಹಳಿಯ ಮೇಲೆ. ಕೂಗ್ಲರ್ ಬೇಕಂತಲೇ ಮಾಡಿದನೋ ಇಲ್ಲವೋ, ಅದು ಕಂಡ ಮೇಲೆ ಆ ಕೆಟ್ಟ ಗ್ರಾಫಿಕ್ಸನ್ನು ನಾನು ಬೈಯುವುದು ಕಡಿಮೆ ಮಾಡಿದ್ದೇನೆ.

ಇಷ್ಟು ನಿನ್ನ ಮೆಸೇಜಿಗೆ ಉತ್ತರ. ಇಲ್ಲಿಗೆ ನಿಲ್ಲಿಸಬೇಕಿತ್ತು.

ಹೋದ ಭಾನುವಾರ ಮಗಳ ಜೊತೆ ಮತ್ತೆ ನೋಡಿದೆ. ಬೂಸಾನ್ ಕ್ಯಾಸಿನೋದಲ್ಲಿ ವಕಾಂಡಾದ ಬೋಳುತಲೆಯ ಸೇನಾನಿ ಒಕೊಯೆ ತಲೆಯ ವಿಗ್ ಕಿತ್ತು ಎದುರಾಳಿಯ ಮುಖಕ್ಕೆ ಎಸೆದಾಗ ಸೋಫಾ ಮೇಲೆ ಹಾರಿದಳು. ತಾನೂ ತಲೆ ಬೋಳಿಸಿಕೊಳ್ಳುತ್ತಾಳಂತೆ. “ತಿರುಪತಿಗೆ ಹೋದಾಗ ನೋಡೋಣ” ಅಂದಳು ಅವಳಮ್ಮ.

ಈ ಸಲ ನಾನು ಕಥೆ ಬಿಟ್ಟು ಮುಖಗಳನ್ನು ನೋಡಿದೆ. ಜಲಪಾತದ ಬಂಡೆಗಳ ಮೇಲೆ ನಿಂತ ಜನರ ಮೇಲೆ ಬಿಸಿಲು ಬಿದ್ದಿದೆ. ಒಬ್ಬರದು ತಾಮ್ರದ ಬಣ್ಣ, ಒಬ್ಬರದು ನೀಲಿ ಸೇರಿದ ಕಪ್ಪು, ಒಬ್ಬರದು ಹುರಿದ ಕಾಫಿ ಬೀಜದ್ದು. ಯಾರ ಮುಖಕ್ಕೂ ಬೆಳ್ಳಗೆ ಬಳಿದಿಲ್ಲ, ಯಾರ ಮುಖವೂ ಕತ್ತಲಲ್ಲಿ ಕಳೆದುಹೋಗಿಲ್ಲ. ಕ್ಯಾಮೆರಾ ರೇಚಲ್ ಮಾರಿಸನ್ ಅವರದು, ಫ್ರೂಟ್‌ವೇಲ್ ಸಿನಿಮಾಕ್ಕೂ ಅವರೇ. ಇದು ಸಣ್ಣ ವಿಷಯ ಅಂದುಕೊಳ್ಳಬೇಡ. ಕೊಡ್ಯಾಕ್ ಕಂಪನಿ ಬಣ್ಣ ಸರಿ ಇದೆಯಾ ಅಂತ ನೋಡಲು ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರಕ್ಕೆ ಶರ್ಲಿ ಕಾರ್ಡ್ ಅಂತ ಹೆಸರಿತ್ತು. ಎಷ್ಟೋ ವರ್ಷ ಅದರಲ್ಲಿ ಇದ್ದವಳು ಬಿಳಿ ಹೆಂಗಸು. ಅವಳು ಸರಿಯಾಗಿ ಬಂದರೆ ಫೋಟೋ ಸರಿ. ಕಪ್ಪು ಮಕ್ಕಳು ಕ್ಲಾಸ್ ಫೋಟೋದಲ್ಲಿ ಬರೀ ಕಣ್ಣು ಹಲ್ಲು ಆಗಿ ಬರುತ್ತಿದ್ದರು. ಕಂದು ಬಣ್ಣ ಸರಿಯಾಗಿ ಬರುವ ಹಾಗೆ ಫಿಲ್ಮ್ ಸುಧಾರಿಸಲು ದಾರಿಯಾಗಿದ್ದು ಚಾಕೊಲೇಟ್ ಕಂಪನಿಗಳ, ಮರದ ಪೀಠೋಪಕರಣ ಮಾರುವವರ ದೂರು. ತಾಯಂದಿರ ದೂರು ಕೇಳದವರಿಗೆ ಮೇಜು ಕುರ್ಚಿಯ ದೂರು ಕೇಳಿಸಿತು.

2018ರಲ್ಲಿ ಲೈಟು ಆರಿದ ತಕ್ಷಣ ನೀನು ಏನಂದೆ ನೆನಪಿದೆಯಾ? “ಲೋ ಕರಿಯ, ನಿಮ್ಮ ಕಡೆಯವರ ಪಿಕ್ಚರ್ ಕಣೋ.” ಇಡೀ ಸಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಸಿಟ್ಟು ಬಂದಿತ್ತು ಅಂತ ಈಗ ಹೇಳಲು ಬಂದಿಲ್ಲ, ಗಾಬರಿ ಬೀಳಬೇಡ. ನನ್ನ ಬಣ್ಣದ ತಲೆಬಿಸಿಗೂ ಅವರ ಇತಿಹಾಸಕ್ಕೂ ಒಂದೇ ತಕ್ಕಡಿ ಅಂತಲೂ ಹೇಳುತ್ತಿಲ್ಲ. ನನ್ನ ಅಜ್ಜನನ್ನು ಯಾರೂ ಹಡಗಿಗೆ ತುಂಬಿ ಮಾರಲಿಲ್ಲ. ನನಗೆ ಆಗಿದ್ದು ಇಷ್ಟೇ, ಹೆಣ್ಣು ನೋಡಲು ಹೋದಾಗ ಅವರ ದೊಡ್ಡಮ್ಮ “ಕಪ್ಪಾದರೂ ಲಕ್ಷಣವಾಗಿದ್ದಾನೆ” ಅಂದರು. ನಾನು ಆ ಮಾತನ್ನು ಹೊಗಳಿಕೆ ಅಂತಲೇ ತೆಗೆದುಕೊಂಡೆ. ಮದುವೆ ಆಲ್ಬಂ ಮಾಡುವವನು “ಸಾರ್, ಸ್ವಲ್ಪ ಟಚ್ ಮಾಡ್ಲಾ” ಅಂತ ಕೇಳಿದ. ಜಾಸ್ತಿ ಬೇಡ ಅಂದೆ. ಬೇಡ ಅನ್ನಲಿಲ್ಲ, ಜಾಸ್ತಿ ಬೇಡ ಅಂದೆ.

ಅದೂ ಹೋಗಲಿ. ಮಗಳು ನನ್ನದೇ ಬಣ್ಣ. ಅವಳ ಹುಟ್ಟುಹಬ್ಬದ ಫೋಟೋ ಇಲ್ಲೇ ಹಾಕಿದ್ದೆನಲ್ಲ, ನೀಲಿ ಲಂಗದ್ದು. ಹಾಕುವ ಮೊದಲು ಅವಳ ಮುಖದ ಮೇಲೆ ಬೆರಳಿಟ್ಟು ಆ ಪಟ್ಟಿಯನ್ನು ಬಲಕ್ಕೆ ಎಳೆದೆ. ಸ್ವಲ್ಪ. ಯಾರೂ ಹೇಳಿರಲಿಲ್ಲ. ಅವಳು ಪಕ್ಕದಲ್ಲೇ ಕೂತಿದ್ದಳು. “ಏನ್ ಮಾಡ್ತಿದ್ದೀಯಪ್ಪ” ಅಂದಳು. “ಬ್ರೈಟ್ ಮಾಡ್ತಿದ್ದೀನಿ ಪುಟ್ಟ” ಅಂದೆ. ಇನ್ನೂ ಸ್ವಲ್ಪ ಮಾಡು ಅಂದಳು. ಮಾಡಿದೆ.

ಇದನ್ನು ಓದುತ್ತಿರುವವರಲ್ಲಿ ಸುಮಾರು ಜನ ಅದಕ್ಕೆ ಹಾರ್ಟ್ ಒತ್ತಿದ್ದೀರಿ. ಥ್ಯಾಂಕ್ಸ್. ಮಗು ಅಮ್ಮನ ಹಾಗೇ ಇದೆ ಅಂತ ಬರೆದ ಅತ್ತಿಗೆಗೂ ಥ್ಯಾಂಕ್ಸ್.

ನೋಡು, ಸೂಪರ್‌ಹೀರೋ ಸಿನಿಮಾ ಬಗ್ಗೆ ನಾಲ್ಕು ಮಾತು ಬರೆದು ನಿನ್ನ ಬಾಯಿ ಮುಚ್ಚಿಸೋಣ ಅಂತ ಕೂತವನು ಎಲ್ಲೆಲ್ಲಿಗೋ ಹೋದೆ. ಇದನ್ನು ಅಳಿಸೋಣ ಅಂದರೆ ಎಂಬಾಕು ಬಗ್ಗೆ ಬರೆದದ್ದು ಚೆನ್ನಾಗಿ ಬಂದಿದೆ, ಬಿಡಲು ಮನಸ್ಸಿಲ್ಲ. ವಿಮರ್ಶಕನಿಗೆ ಅಷ್ಟಾದರೂ ದುರಾಸೆ ಬೇಡವಾ? ನೀನು ಈಗ ಪಾಪಪ್ರಜ್ಞೆಯಲ್ಲಿ ನನ್ನನ್ನು ನಿಜವಾದ ಹೆಸರು ಹಿಡಿದು ಕರೆಯಲು ಶುರು ಮಾಡಬೇಡ ಮತ್ತೆ. ಸಾಲ ಕೇಳಲು ಫೋನ್ ಮಾಡಿದ್ದೀಯ ಅಂತ ಅಂದುಕೊಂಡು ಕಟ್ ಮಾಡಿಬಿಡುತ್ತೇನೆ.

2022ರ ಎರಡನೇ ಭಾಗ ನೀನು ಇನ್ನೂ ನೋಡಿಲ್ಲ ಅಂತ ಗೊತ್ತು. ಬೋಸ್ಮನ್ ಜಾಗಕ್ಕೆ ಬೇರೆಯವರನ್ನು ಹಾಕಿಲ್ಲ, ಎಂಬಾಕು ಇದ್ದಾನೆ. ನೋಡಿದ ಮೇಲೆ ಮಾತಾಡು.

ನಿನ್ನ,
ಕರಿಯ

ತಾ.ಕ.: ಪುಟ್ಟಸ್ವಾಮಿ ಇದನ್ನು ಓದುತ್ತಾನೆ ಅಂತ ಈಗ ಹೊಳೆಯಿತು. ಪುಟ್ಟಸ್ವಾಮಿ, ಸೈಕಲ್ ಸೀನನ ಹತ್ತಿರವೇ ಇತ್ತು.