ಹೆದರಿಕೆಯೊಂದೇ ರೋಗಿಯನ್ನು ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಫೆಬ್ರುವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ತಪ್ಪದೆ ಓದುವವನು ನಾನು. ಹೊಸ ಔಷಧ, ಹೊಸ ಯಂತ್ರ, ತಪಾಸಣಾ ಶಿಬಿರಗಳ ಬಗ್ಗೆ ಅವುಗಳಲ್ಲಿ ಬೇಕಾದಷ್ಟು ಮಾಹಿತಿ ಇರುತ್ತದೆ. ಆದರೆ ಕೋವಿಡ್ ಕಾಲದಲ್ಲಿ ಕ್ಯಾನ್ಸರ್ ರೋಗಿಗಳು ಸೋಂಕಿನಿಂದ ತಮ್ಮನ್ನು ಹೇಗೆ ಕಾಪಾಡಿಕೊಂಡರು, ಕೆಲವರಿಗೆ ಅದು ಏಕೆ ಸಾಧ್ಯವಾಗಲಿಲ್ಲ ಎಂಬ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ಪತ್ನಿ 2020ರ ಜನವರಿಯಲ್ಲಿ ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಫೆಬ್ರುವರಿಯಿಂದ ಆಗಸ್ಟ್‌ವರೆಗೆ ದಾವಣಗೆರೆ ಜಿಲ್ಲೆಯ ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ಕಿಮೊಥೆರಪಿ ಪಡೆದವಳು. ಆಗ ಅವಳ ಜೊತೆಗಿದ್ದ ನನಗೆ ಅರ್ಥವಾದುದನ್ನು ತಡವಾಗಿಯಾದರೂ ಹೇಳಬೇಕೆನಿಸಿದೆ.

ಕ್ಯಾನ್ಸರ್ ರೋಗಿಗಳಲ್ಲಿ ಭಯಕ್ಕೇನೂ ಕೊರತೆ ಇರಲಿಲ್ಲ. 1,590 ಕೋವಿಡ್ ರೋಗಿಗಳನ್ನು ಪರಿಶೀಲಿಸಿದ ಚೀನಾದ ವೈದ್ಯರು ಅವರಲ್ಲಿ ಕ್ಯಾನ್ಸರ್ ಇದ್ದವರ ಪೈಕಿ ಶೇ 39ರಷ್ಟು ಮಂದಿಯ ಸ್ಥಿತಿ ಗಂಭೀರವಾಯಿತೆಂದೂ ಉಳಿದವರಲ್ಲಿ ಈ ಪ್ರಮಾಣ ಶೇ 8ರಷ್ಟಿತ್ತೆಂದೂ 2020ರ ಫೆಬ್ರುವರಿಯಲ್ಲೇ ವರದಿ ಮಾಡಿದ್ದರು. ಆ ಕ್ಯಾನ್ಸರ್ ರೋಗಿಗಳು ಒಟ್ಟು 18 ಮಂದಿ ಮಾತ್ರ, ಗಂಭೀರವಾದವರು ಏಳು ಮಂದಿ ಎಂಬುದನ್ನು ಹೇಳಿದವರು ಕಡಿಮೆ. ಶೇಕಡಾವಾರು ಮಾತ್ರ ಎಲ್ಲರ ಬಾಯಲ್ಲೂ ಓಡಾಡಿತು. ಸಾಲದೆಂಬಂತೆ, ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದುದು ಕೆಮ್ಮಿನ ಸದ್ದು.

ಈ ಭಯ ಮಾಡಿದ್ದೇನು? ನನ್ನ ಪತ್ನಿಗೆ ಎರಡನೆಯ ಸುತ್ತಿನ ಔಷಧ ಕೊಟ್ಟದ್ದು ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಘೋಷಿಸಿದ ದಿನವೇ. ಎರಡು ವಾರಕ್ಕೆ ಯುಗಾದಿ ಬಂತು, ಅಂದೇ ಲಾಕ್‌ಡೌನ್ ಕೂಡ ಆರಂಭವಾಯಿತು. ಏಪ್ರಿಲ್ 1ರ ಮೂರನೆಯ ಸುತ್ತಿಗೆ ಅವಳು ಹೊರಡಲಿಲ್ಲ. ಪಾಸ್ ಸಿಕ್ಕಿತ್ತು, ಅಳಿಯನ ಕಾರೂ ಬಾಗಿಲಲ್ಲಿತ್ತು. ಆದರೆ ಆಸ್ಪತ್ರೆಗೆ ಹೋದರೆ ಕೊರೊನಾ ಹತ್ತಿಸಿಕೊಂಡೇ ಬರುತ್ತೇನೆಂದು ಹಟ ಹಿಡಿದಳು. ಸೋಂಕಿನಿಂದ ಕಾಪಾಡಿಕೊಳ್ಳುವುದೆಂದರೆ ಅವಳ ಪಾಲಿಗೆ ಚಿಕಿತ್ಸೆಯಿಂದಲೇ ದೂರ ಇರುವುದಾಗಿತ್ತು. ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕದಂತೆ, 2019ರ ಮಾರ್ಚ್‌ನಿಂದ ಮೇವರೆಗೆ 1,12,270 ಇದ್ದ ಹೊಸ ರೋಗಿಗಳ ನೋಂದಣಿ 2020ರ ಅದೇ ಅವಧಿಯಲ್ಲಿ 51,760ಕ್ಕೆ ಇಳಿಯಿತು. ಇದರಲ್ಲಿ ನಿಂತುಹೋದ ರೈಲುಗಳ ಪಾಲು ದೊಡ್ಡದೇ ಇರಬಹುದು, ಆದರೆ ಎಲ್ಲವನ್ನೂ ರೈಲಿನ ಮೇಲೆ ಹಾಕುವಂತಿಲ್ಲವೆಂದು ನಮ್ಮ ಮನೆಯನ್ನು ನೋಡಿಯೇ ಹೇಳಬಲ್ಲೆ.

ಮುಂದೆ ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾಸ್ಕನ್ನು ಗದ್ದದ ಕೆಳಗೆ ಎಳೆದುಕೊಂಡು, "ಕ್ಯಾನ್ಸರೇ ಬಂದಾಯ್ತು, ಇನ್ನು ಕೊರೊನಾ ಬಂದು ಕಿತ್ಕೊಳ್ಳೋದೇನಿದೆ" ಎಂದಿದ್ದರು. ಒಬ್ಬರದು ಅತಿ ಭಯ, ಇನ್ನೊಬ್ಬರದು ಹಣೆಬರಹದ ಮೇಲೆ ಹೊರಿಸಿದ ಉಡಾಫೆ. ಬೇರೆಬೇರೆಯಾಗಿ ಕಂಡ ಈ ಎರಡಕ್ಕೂ ಬೇರು ಒಂದೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ: ತಮ್ಮ ಕೈಯಲ್ಲಿ ಮಾಡುವಂಥದ್ದು ಏನೋ ಇದೆ, ಮಾಡಿದರೆ ಫಲವಿದೆ ಎಂಬ ನಂಬಿಕೆ ಇಬ್ಬರಲ್ಲೂ ಇರಲಿಲ್ಲ.

ಮನಶ್ಶಾಸ್ತ್ರಜ್ಞರಿಗೆ ಇದು ಹೊಸ ಮಾತಲ್ಲ. ಅಮೆರಿಕದ ರೊನಾಲ್ಡ್ ರೋಜರ್ಸ್ 1975ರಲ್ಲಿ ಮಂಡಿಸಿ 1983ರಲ್ಲಿ ವಿಸ್ತರಿಸಿದ ರಕ್ಷಣಾ ಪ್ರೇರಣೆಯ ಸಿದ್ಧಾಂತದ ಪ್ರಕಾರ, ಅಪಾಯ ಎಷ್ಟು ದೊಡ್ಡದು, ಅದು ನನಗೆ ತಗಲುವ ಸಂಭವ ಎಷ್ಟು ಎಂಬ ಲೆಕ್ಕದ ಜೊತೆಗೇ ಮನಸ್ಸು ಇನ್ನೊಂದು ಲೆಕ್ಕವನ್ನೂ ಹಾಕುತ್ತದೆ. ಈ ಉಪಾಯದಿಂದ ಪ್ರಯೋಜನವಿದೆಯೇ, ಇದು ನನ್ನಿಂದ ಆಗುತ್ತದೆಯೇ, ಇದಕ್ಕೆ ನಾನು ತೆರಬೇಕಾದುದೇನು ಎಂದು ತೂಗಿ ನೋಡುತ್ತದೆ. ನಮ್ಮ ಪ್ರಚಾರವೆಲ್ಲ ಹೆಚ್ಚಾಗಿ ಮೊದಲನೆಯ ಲೆಕ್ಕವನ್ನಷ್ಟೇ ಹಿಗ್ಗಿಸಿತು.

ನಮ್ಮ ಮನೆಯಲ್ಲಿ ಎರಡನೆಯ ಲೆಕ್ಕ ಸರಿಪಡಿಸಿದವರು ಒಬ್ಬ ನರ್ಸ್. ಅಲ್ಲಿಯವರೆಗೆ ನಮಗೆ ಸಿಕ್ಕಿದ್ದ ಸೂಚನೆ "ಹುಷಾರಾಗಿರಿ" ಎಂಬುದೊಂದೇ. ಏಪ್ರಿಲ್ ಕೊನೆಯಲ್ಲಿ ಫೋನ್ ಮಾಡಿದ ಆಕೆ, ಔಷಧ ಹಾಕಿದ ಮೇಲೆ ಸುಮಾರು 7ನೇ ದಿನದಿಂದ 14ನೇ ದಿನದವರೆಗೆ ರಕ್ತದ ಬಿಳಿಕಣಗಳು ಹೆಚ್ಚು ಇಳಿದಿರುತ್ತವೆ, ಆ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಆಗ ಇನ್ನೂ ಬಿಗಿಯಾಗಿರಿ, ಜ್ವರ 100.4 ಡಿಗ್ರಿ ಮುಟ್ಟಿದರೆ ಯಾವ ದಿನವೇ ಆಗಲಿ ಕಾಯದೆ ಬನ್ನಿ ಎಂದು ಬಿಡಿಸಿ ಹೇಳಿದರು. ಏಪ್ರಿಲ್ 29ರಂದು, ನಾಲ್ಕು ವಾರ ತಡವಾಗಿ, ನಾವು ಬೆಂಗಳೂರಿಗೆ ಹೊರಟೆವು. ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಗೆರೆ, ಪಕ್ಕದಲ್ಲಿ ಥರ್ಮಾಮೀಟರ್. ಕೊನೆಯಿಲ್ಲದ ಭಯಕ್ಕೆ ಹೀಗೆ ತಾರೀಖಿನ ಎಲ್ಲೆ ಸಿಕ್ಕಿದ ಮೇಲೆ ಅವಳು ಮಾಸ್ಕನ್ನೂ ಸೋಪನ್ನೂ ಶಿಕ್ಷೆಯೆಂದು ಕಾಣುವುದನ್ನು ಬಿಟ್ಟಳು.

ಆದರೂ ತೆರಬೇಕಾದ ಬೆಲೆಯೊಂದು ಉಳಿದೇ ಇತ್ತು. ಹಣದ ಮಾತಲ್ಲ ಇದು. ನಮ್ಮ ಕಡೆ ಕ್ಯಾನ್ಸರ್ ಎಂದು ಹೆಸರಿಟ್ಟು ಹೇಳುವವರು ಕಡಿಮೆ, "ದೊಡ್ಡ ಕಾಯಿಲೆ" ಎನ್ನುತ್ತಾರೆ. ಅದನ್ನೂ ಹೇಳದೆ ಮುಚ್ಚಿಡುವ ಮನೆಗಳಿವೆ. ಕಾಯಿಲೆಯನ್ನೇ ಮುಚ್ಚಿಟ್ಟವರು ಬಂದವರಿಗೆ "ದೂರ ನಿಲ್ಲಿ" ಎಂದು ಯಾವ ಬಾಯಲ್ಲಿ ಹೇಳಿಯಾರು? ಜುಲೈ 31ರ ವರಮಹಾಲಕ್ಷ್ಮಿ ಹಬ್ಬ ನನ್ನ ಪತ್ನಿಗೆ ಔಷಧ ಹಾಕಿದ ಮೇಲಿನ ಒಂಬತ್ತನೆಯ ದಿನಕ್ಕೆ, ಕೆಂಪು ಗೆರೆಯೊಳಗೇ ಬಿತ್ತು. ಅರಿಶಿನ ಕುಂಕುಮಕ್ಕೆಂದು ಬಂದ ಹೆಂಗಸರನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದು ನಾನು. ತನ್ನಿಂದ ಅದು ಸಾಧ್ಯವೇ ಇರಲಿಲ್ಲ ಎಂದು ಅವಳು ಆಮೇಲೆ ಹೇಳಿದಳು. ಸಂತೆಯಿಂದ ಬಂದ ಗಂಡನಿಗೋ ಮಗನಿಗೋ "ಕೈ ತೊಳೆದು ಒಳಗೆ ಬಾ" ಎಂದು ಹೇಳುವ ಅಧಿಕಾರವೇ ಇಲ್ಲದ ಹೆಣ್ಣುಮಗಳಿಗೆ ಆತ್ಮವಿಶ್ವಾಸದ ಉಪದೇಶ ಮಾಡಿ ಏನು ಫಲ? ಪುಸ್ತಕದ ಸಿದ್ಧಾಂತ "ನನ್ನಿಂದ ಆಗುತ್ತದೆ" ಎನ್ನುವುದನ್ನು ರೋಗಿಯ ಮನಸ್ಸಿನೊಳಗೆ ಹುಡುಕುತ್ತದೆ, ನಾನು ಕಂಡಂತೆ ಅದರ ಅರ್ಧ ಭಾಗ ಇರುವುದು ಮನೆಯವರ ನಡವಳಿಕೆಯಲ್ಲಿ.

ಲಸಿಕೆಯ ವಿಷಯದಲ್ಲೂ ಹೀಗೇ ಆಯಿತು. 45 ದಾಟಿದ ಕ್ಯಾನ್ಸರ್ ರೋಗಿಗಳಿಗೆ 2021ರ ಮಾರ್ಚ್ 1ರಿಂದಲೇ ಅವಕಾಶವಿದ್ದರೂ ನನ್ನ ಪತ್ನಿ ತೋಳು ಚಾಚಿದ್ದು ತನ್ನ ಕ್ಯಾನ್ಸರ್ ವೈದ್ಯರೇ "ಹಾಕಿಸಿಕೊಳ್ಳಿ" ಎಂದ ಮೇಲೆ.

ರಾಜ್ಯ ಸರ್ಕಾರ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿದೆ. ಇನ್ನೊಂದು ಪಿಡುಗು ಬರುವವರೆಗೆ ಕಾಯಬೇಕಿಲ್ಲ, ಪ್ರತಿ ಮಳೆಗಾಲದ ಫ್ಲೂ ಜ್ವರವೂ ಈ ರೋಗಿಗಳಿಗೆ ಅಪಾಯಕಾರಿಯೇ. ಮೊದಲ ಸುತ್ತಿನ ದಿನವೇ ರೋಗಿಯನ್ನೂ ಮನೆಯವರನ್ನೂ, ಮುಖ್ಯವಾಗಿ ಮನೆಯ ಗಂಡಸರನ್ನು, ಒಟ್ಟಿಗೆ ಕೂರಿಸಿ ಮಾತನಾಡುವ ಒಬ್ಬ ಆಪ್ತಸಮಾಲೋಚಕರನ್ನು ಈ ಕೇಂದ್ರಗಳಿಗೆ ಕೊಡಬೇಕು. ತಾರೀಖು ತುಂಬಲು ಜಾಗವಿರುವ, ಸರಳ ಕನ್ನಡದ ಒಂದು ಪುಟದ ಹಾಳೆಯನ್ನು ಅವರ ಕೈಗಿಡಬೇಕು. 2020ರ ಆ ಕ್ಯಾಲೆಂಡರ್ ನಮ್ಮ ಮನೆಯಲ್ಲಿ ಇನ್ನೂ ಇದೆ. ಆರೋಗ್ಯ ಇಲಾಖೆಯವರಿಗೆ ಮಾದರಿಗೆ ಬೇಕೆಂದರೆ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇಂತಿ,
ನಿವೃತ್ತ ಶಿಕ್ಷಕ, ದಾವಣಗೆರೆ ಜಿಲ್ಲೆ