ಕಾರವಾರದ ಬೋಟುಗಳಲ್ಲಿ ಮಕ್ಕಳ ಸೈಜಿನ ಲೈಫ್ ಜಾಕೆಟ್ ಇಡಿ

ಮಾನ್ಯ ಸಂಪಾದಕರೇ,

ಚಿಕ್ಕ ಮಕ್ಕಳನ್ನ ಕರ್ಕೊಂಡು ಸಮುದ್ರ ನೋಡೋಕೆ ಎಲ್ಲಿಗೆ ಹೋಗೋದು ಅಂತ ಯಾರೇ ಕೇಳಿದ್ರೂ ನಾನು ಕಾರವಾರ ಅಂತೀನಿ, ಕೇಳಿದೋರು ಪಕ್ಕದಲ್ಲೇ ಗೋವಾ ಇರುವಾಗ ಅಲ್ಲೇನಿದೆ ಅಂತ ನನ್ನ ಮುಖ ನೋಡ್ತಾರೆ. ಗೋಕರ್ಣದ ಕುಡ್ಲೆ, ಓಂ ಬೀಚ್ ಚೆಂದಾನೇ, ಇಲ್ಲ ಅನ್ನಲ್ಲ, ಆದ್ರೆ ಕಂಕುಳಲ್ಲಿ ಒಂದು ಮಗು, ಕೈ ಹಿಡ್ಕೊಂಡು ಇನ್ನೊಂದು, ಹೆಗಲಿಗೆ ಡೈಪರ್ ಬ್ಯಾಗು, ಹೀಗೆ ಮೆಟ್ಟಿಲು ಇಳಿದು ವಾಪಸ್ ಹತ್ತಿ ಬಂದೋರನ್ನ ಒಂದ್ಸಲ ಕೇಳಿ ನೋಡಿ. ಕಾರವಾರದಲ್ಲಿ ಪೇಟೆ ಮುಗಿದು ಹೈವೇ ದಾಟಿದ್ರೆ ಮರಳು, ಅಷ್ಟೇ. ಮೆಡಿಕಲ್ ಕಾಲೇಜು ಆಸ್ಪತ್ರೆ ಊರೊಳಗೇ ಇದೆ. ಇದನ್ನ ಟೂರಿಸಂ ಜಾಹೀರಾತಲ್ಲಿ ಯಾರೂ ಹಾಕಲ್ಲ, ಆದ್ರೆ ನನ್ನಂಥ ತಾಯಂದಿರು ಮೊದಲು ವಿಚಾರಿಸೋದು ಅದನ್ನೇ.

ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ರೈಲು, ಮಕ್ಕಳು ಮಲಗಿಬಿಡ್ತಾರೆ, ಬೆಳಗ್ಗೆ ಎದ್ದಾಗ ಕಿಟಕಿ ಆಚೆ ತೆಂಗಿನ ತೋಟ, ಹೊನ್ನಾವರ ಬಂತು ಅಂದ್ರೆ ಎಬ್ಬಿಸಿ ಕೂರಿಸಿ, ಅಲ್ಲಿ ಶರಾವತಿ ಮೇಲಿನ ರೈಲ್ವೆ ಸೇತುವೆ 2 ಕಿ.ಮೀ.ಗೂ ಉದ್ದ ಇದೆ. ಕಾರವಾರದ ಸ್ಟೇಷನ್ ಮಾತ್ರ ಶಿರವಾಡದಲ್ಲಿ, ಊರಿಂದ ದೂರ, ಆಟೋ ಬೇಕೇ ಬೇಕು.

ಟಾಗೋರ್ ಬೀಚಿಗೆ ಮಕ್ಕಳ ಜೊತೆ ಹೋಗೋದಾದ್ರೆ ಬೆಳಗ್ಗೆ ಹೋಗಿ. ಎಲ್ಲರೂ ಸೂರ್ಯಾಸ್ತಕ್ಕೆ ಅಂತ ಸಾಯಂಕಾಲ ಮುಗಿಬೀಳ್ತಾರೆ, ಬೆಳಗ್ಗೆ ಬಿಸಿಲು ಊರಿನ ಹಿಂದಿಂದ, ಗುಡ್ಡದ ಕಡೆಯಿಂದ ಬರೋದ್ರಿಂದ ಮರಳು ಇನ್ನೂ ತಣ್ಣಗಿರುತ್ತೆ, ಜನಾನೂ ಇರಲ್ಲ. ನಾವು ಹೋದಾಗ ಮೀನುಗಾರರು ದಡದಲ್ಲೇ ನಿಂತು ಬಲೆ ಎಳೀತಿದ್ರು, ಏಂಡಿ ಬಲೆ ಅಂತಾರಂತೆ. ಎರಡು ಕಡೆ ಹಗ್ಗ, ಎರಡು ಸಾಲು ಜನ, ಹಿಂದೆ ಹಿಂದೆ ಹೆಜ್ಜೆ ಇಡ್ತಾ ಬರ್ತಾರೆ. ನಮ್ಮ ದೊಡ್ಡೋಳು ಹೋಗಿ ಹಗ್ಗದ ತುದಿ ಹಿಡ್ಕೊಂಡೇಬಿಟ್ಲು. ಒಬ್ಬ ಅಜ್ಜ ಬೈಯ್ಯೋದು ಬಿಟ್ಟು ‘ಜೋರಾಗಿ ಎಳಿ ಮಗಾ’ ಅಂದ್ರು. ಬಲೆ ದಡಕ್ಕೆ ಬಂದ ಮೇಲೆ ಒಳಗಿದ್ದಿದ್ದು ಒಂದಷ್ಟು ಬೆರಳುದ್ದದ ಬೆಳ್ಳಿ ಮೀನು, ಎರಡು ಏಡಿ, ಒಂದು ಪ್ಲಾಸ್ಟಿಕ್ ಚಪ್ಪಲಿ. ಚಿಕ್ಕೋನಿಗೆ ಚಪ್ಪಲೀನೇ ಬೇಕಂತೆ! ಟಿಕೆಟ್ ಇಲ್ಲದ ಆ ಒಂದು ಗಂಟೆ ಮುಂದೆ ಯಾವ ವಾಟರ್ ಪಾರ್ಕೂ ಇಲ್ಲ ಬಿಡಿ.

ಇಲ್ಲಿ ಅಲೆ ಅಷ್ಟು ಅಬ್ಬರ ಮಾಡದೇ ಇರೋಕೆ ಕಾರಣ ಇದೆ, ಇದು ಕೊಲ್ಲಿ, ಗುಡ್ಡ ಅಡ್ಡ ಇದೆ, ಹೊರಗಡೆ ಕೂರ್ಮಗಡ, ದೇವಗಡ ಅಂತ ದ್ವೀಪಗಳಿವೆ. ಹಾಗಂತ ಉದ್ದಕ್ಕೂ ಒಂದೇ ಥರ ಅಂದ್ಕೋಬೇಡಿ. ಉತ್ತರಕ್ಕೆ ಕೋಡಿಬಾಗದ ಕಡೆ ಕಾಳಿ ನದಿ ಸಮುದ್ರ ಸೇರೋ ಅಳಿವೆ, ಅಲ್ಲಿ ಮೇಲೆ ಶಾಂತವಾಗಿ ಕಂಡ್ರೂ ಕೆಳಗೆ ಸೆಳೆತ ಇರುತ್ತೆ, ಮಕ್ಕಳನ್ನ ನೀರಿಗೆ ಬಿಡೋ ಜಾಗ ಅಲ್ಲ. ಮತ್ತೆ ಮಳೆಗಾಲದಲ್ಲಿ ಈ ಪ್ರವಾಸಾನೇ ಬೇಡ, ಸಮುದ್ರ ಬೇರೇನೇ ಆಗಿರುತ್ತೆ, ರಸ್ತೆ ಕಥೆ 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಎಲ್ಲರೂ ನೋಡಿದ್ದೇ.

ಬೀಚಲ್ಲೇ ಚಾಪಲ್ ಯುದ್ಧನೌಕೆ ನಿಲ್ಲಿಸಿದ್ದಾರೆ, ಅದರ ಪಕ್ಕ 2024ರಿಂದ ನೌಕಾಪಡೆಯ ಟುಪೊಲೆವ್-142 ವಿಮಾನ. ದೊಡ್ಡವರು ಕ್ಷಿಪಣಿ ಫೋಟೋ ತಗೊಂಡು ಮುಂದೆ ಹೋಗ್ತಾರೆ, ಮಕ್ಕಳು ಹಾಗಲ್ಲ. ಈ ವಿಮಾನಕ್ಕೆ ನಾಲ್ಕು ಎಂಜಿನ್, ಒಂದೊಂದು ಎಂಜಿನ್ನಿಗೂ ಹಿಂದೆ ಮುಂದೆ ಎರಡೆರಡು ಫ್ಯಾನು, ಒಂದು ಈ ಕಡೆ ತಿರುಗಿದ್ರೆ ಇನ್ನೊಂದು ಉಲ್ಟಾ ತಿರುಗುತ್ತೆ. ನಮ್ಮೋಳು ರೆಕ್ಕೆ ಕೆಳಗೆ ನಿಂತು ಎಣಿಸಿದ್ದೂ ಎಣಿಸಿದ್ದೇ. 1988ರಿಂದ 2017ರ ತನಕ ಹಾರಿ ರಿಟೈರ್ ಆಗಿದೆ ಅಂತ ಅವರಪ್ಪ ಹೇಳಿದ್ದಕ್ಕೆ ‘ತಾತನ ಥರಾನಾ’ ಅಂದ್ಲು. ನೌಕೆ ಒಳಗೆ ಮಾತ್ರ ಇಕ್ಕಟ್ಟು, ಕಡಿದಾದ ಏಣಿ, ಮಧ್ಯಾಹ್ನ ಸೆಕೆ, ಎತ್ಕೊಳ್ಳೋ ಮಗು ಇದ್ರೆ ಒಬ್ಬರು ಹೊರಗೆ ನಿಂತು ಸರದಿ ಮೇಲೆ ನೋಡೋದೇ ವಾಸಿ. ಟಾಗೋರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಿದ್ರು ಅನ್ನೋದನ್ನೂ ಹೇಳೋಕೆ ಹೋದ್ವಿ, ಯಾರೂ ಕೇಳಿಸ್ಕೊಳ್ಳಲಿಲ್ಲ.

ಈಗ ಈ ಪತ್ರ ಬರೆಯೋಕೆ ಅಸಲಿ ಕಾರಣ. ನದಿ ಮೇಲೆ ಒಂದು ರೌಂಡ್ ಹೋಗೋಣ ಅಂತ ಬೋಟಿನೋರೊಬ್ಬರನ್ನ ಕೇಳಿದ್ವಿ, ಹೆಸರು ಬೇಡ, ಒಳ್ಳೆ ಮನುಷ್ಯರೇ. ಲೈಫ್ ಜಾಕೆಟ್ ಇದೆಯಾ ಅಂದ್ರೆ ‘ಇದೆ ಅಕ್ಕಾ, ಎಲ್ಲರಿಗೂ ಇದೆ’ ಅಂತ ಕೊಟ್ರು. ಮಗಳಿಗೆ ಹಾಕಿ ನೋಡಿದ್ರೆ ಮೊಣಕಾಲವರೆಗೆ ನೈಟಿ ಥರ ಇಳೀತು, ಬೆಲ್ಟನ್ನ ಕೊನೇ ತನಕ ಬಿಗಿದ್ರೂ ಭುಜ ಹಿಡಿದು ಮೇಲಕ್ಕೆ ಎತ್ತಿದ್ರೆ ಜಾಕೆಟ್ ಮಾತ್ರ ಕೈಗೆ ಬಂತು, ಮಗು ಕೆಳಗೇ ಉಳೀತು. ನೀರಲ್ಲಿ ಆಗೋದೂ ಇದೇ. ಜಾಕೆಟ್ ತೇಲುತ್ತೆ, ಮಗು ಜಾರುತ್ತೆ. ಚಿಕ್ಕೋನಿಗಂತೂ ಪ್ರಯತ್ನಾನೂ ಮಾಡ್ಲಿಲ್ಲ. ನಾವು ಹತ್ತಲಿಲ್ಲ, ಅವರಿಗೆ ಬೇಜಾರಾಯ್ತು, ಆದ್ರೆ ನಮ್ಮ ಹಿಂದೆ ನಿಂತಿದ್ದ ಇನ್ನೊಂದು ಫ್ಯಾಮಿಲಿ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಹೊರಟೇಹೋಯ್ತು.

ಮಕ್ಕಳ ಜಾಕೆಟ್ ಅಂದ್ರೆ ದೊಡ್ಡವರದ್ದನ್ನೇ ಚಿಕ್ಕದು ಮಾಡಿರೋದಲ್ಲ. ತೂಕದ ಲೆಕ್ಕದಲ್ಲಿ ಸೈಜ್ ಇರುತ್ತೆ, ಮೇಲಕ್ಕೆ ಜಾರದಂತೆ ಎರಡು ಕಾಲಿನ ನಡುವೆ ಹಾಯೋ ಒಂದು ಬೆಲ್ಟ್ ಇರುತ್ತೆ, ತೀರಾ ಚಿಕ್ಕೋರದ್ದಕ್ಕೆ ಮುಖ ಮೇಲಕ್ಕೇ ಇರಲಿ ಅಂತ ಕತ್ತಿನ ಹಿಂದೆ ದಪ್ಪ ಕಾಲರ್ ಇರುತ್ತೆ. ಒಂದೊಂದು ಬೋಟಿನೋರೂ ಎಲ್ಲಾ ಸೈಜ್ ಇಟ್ಕೊಳ್ಳೋಕೆ ಆಗಲ್ಲ, ಗೊತ್ತು. ಬೋಟು ಹೊರಡೋ ಜಾಗದಲ್ಲಿ ಒಂದು ಕಪಾಟು ಇಟ್ಟು ಬಾಡಿಗೆಗೆ ಕೊಟ್ರೆ ಸಾಕು, ದುಡ್ಡು ಕೊಡೋಕೆ ನಾವು ರೆಡಿ. 2019ರ ಜನವರಿಯಲ್ಲಿ ಇದೇ ಕಾರವಾರದಲ್ಲಿ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ಹೋದ್ರು, ಅವರಲ್ಲಿ ಮಕ್ಕಳೂ ಇದ್ರು. ಅದಾದ ಮೇಲೂ ತಾಯಿ ತೊಡೆಯನ್ನೇ ಲೈಫ್ ಜಾಕೆಟ್ ಅಂದ್ಕೊಂಡ್ರೆ ಹೇಗೆ?

ಇನ್ನೊಂದೆರಡು ಮಾತು ಸೇರಿಸ್ತೀನಿ. ಮಗೂಗೆ ಹಾಲು ಕುಡಿಸೋಕೆ, ಒದ್ದೆ ಬಟ್ಟೆ ಬದಲಾಯಿಸೋಕೆ ನೆರಳಿರೋ, ಪರದೆ ಇರೋ ಒಂದು ಜಾಗ ಬೀಚಲ್ಲಿ ಬೇಕು, ಮಂಡಿ ಎತ್ತರದಲ್ಲಿ ಒಂದು ನಲ್ಲಿ ಇದ್ರೆ ಇನ್ನೂ ಒಳ್ಳೇದು. ಆವತ್ತಿನ ಭರತ ಇಳಿತದ ಟೈಮ್ ಬರೆಯೋ ಒಂದು ಕಪ್ಪು ಹಲಗೆ ಸಾಕು, ಇಳಿತದಲ್ಲಿ ಒದ್ದೆ ಮರಳು ಅಂಗಳದಷ್ಟು ಅಗಲ ಸಿಗುತ್ತೆ, ಮಕ್ಕಳು ಏಡಿ ಬಿಲ ಹುಡುಕ್ತಾ ಇರ್ತಾರೆ. ಊಟದ ಬಗ್ಗೆ ನನ್ನ ತಕರಾರೇ ಇಲ್ಲ, ಬೆಳಗ್ಗೆ ಬನ್ಸ್ ಭಾಜಿ, ಮಧ್ಯಾಹ್ನ ಇಸೋಣದ (ಅಂಜಲ್ ಮೀನಿನ) ತುಂಡು, ಮುಳ್ಳು ಕಮ್ಮಿ ಇರೋದ್ರಿಂದ ಮಕ್ಕಳಿಗೆ ಬಿಡಿಸಿ ಕೊಡೋದು ಸುಲಭ, ಖಾರ ಹಾಕದೆ ಹುರಿದು ಕೊಡಿ ಅಂದ್ರೆ ಬೇಸರ ಇಲ್ಲದೆ ಕೊಟ್ರು.

ಕೋಟಿಗಟ್ಟಲೆ ಯೋಜನೆ ನಾನು ಕೇಳ್ತಿಲ್ಲ. ಇದನ್ನ ಕಾರವಾರದ ಅಧಿಕಾರಿಗಳು ಯಾರಾದ್ರೂ ಓದ್ತಿದ್ರೆ ದಸರಾ ರಜೆ ಶುರುವಾಗೋದ್ರೊಳಗೆ ಆ ಜಾಕೆಟ್ ಕಪಾಟು ಒಂದನ್ನ ಮಾಡಿಸಿ, ಉಳಿದಿದ್ದು ಡಿಸೆಂಬರಿಗಾದ್ರೂ ಪರವಾಗಿಲ್ಲ.

ಇಂತಿ,
ಇಬ್ಬರು ಮಕ್ಕಳ ತಾಯಿ, ಬೆಂಗಳೂರು