'ಪಾಪ' ಅನ್ನೋ ಮಾತು: ಗೋಶನ್‌ನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಫೋನಿನಲ್ಲಿ ನೀನು ಹೇಳಿದ ಮಾತೊಂದು ಇನ್ನೂ ತಲೆಯಲ್ಲಿ ಕೂತಿದೆ. ಅಂಗವಿಕಲೆಯಾದ ಮಗಳು ಪುಟ್ಟಿಯನ್ನೂ ಕರೆದುಕೊಂಡು ನೀವು ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೊರಟಾಗ ಅವನೇ ಫೋನ್ ಮಾಡಿ, 'ಪುಟ್ಟಿಗೆ ಯಾಕೆ ಸುಮ್ನೆ ತೊಂದರೆ, ಪಾಪ, ಮನೆಯಲ್ಲೇ ಇರಲಿ ಬಿಡು' ಅಂದನಂತೆ. ಅವನು ಕೆಟ್ಟವನಲ್ಲ ಎಂದು ನೀನು ಮೂರು ಸಲ ಹೇಳಿದೆ. ನಾನೂ ಏನೋ ಸಮಾಧಾನ ಹೇಳಿ ಫೋನಿಟ್ಟೆ. ನಿಜ ಹೇಳಬೇಕೆಂದರೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಈಗ ಹೇಳಲು ಒಂದು ವಿಷಯ ಸಿಕ್ಕಿದೆ. ಸ್ವಲ್ಪ ಉದ್ದ, ಕಾಫಿ ಮಾಡಿಕೊಂಡು ಕೂತು ಓದು.

ನಾನಿರುವ ಗೋಶನ್ ಇಂಡಿಯಾನಾ ರಾಜ್ಯದ ಸಣ್ಣ ಊರು. ಪಕ್ಕದ ಎಲ್ಕಾರ್ಟ್‌ನಲ್ಲಿ ಆರ್‌ವಿ ತಯಾರಿಸುತ್ತಾರೆ, ಚಕ್ರದ ಮೇಲಿನ ಮನೆ ಅಂದುಕೋ. ನನ್ನ ಅನ್ನ ಅದರಿಂದಲೇ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಮಿಶ್ ಜನರ ಕುದುರೆಗಾಡಿಗಳು ಸಿಗುತ್ತವೆ. ಅವರದೇ ಬಳಗದ, ಆದರೆ ಕಾರು ಓಡಿಸುವ, ಕಾಲೇಜು ನಡೆಸುವ ಮೆನೊನೈಟರೂ ಇಲ್ಲಿ ಬಹಳ. ಎಲ್ಲರಿಗೂ ಬೇರು ಒಂದೇ, ಅನಾಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥ. 1525ರ ಜನವರಿಯಲ್ಲಿ ಝೂರಿಕ್‌ನಲ್ಲಿ ಕೆಲವರು 'ಕ್ರೈಸ್ತನಾಗಲು ಕೂಸಿಗೆ ನೀರು ಹಾಕಿದರೆ ಆಗಲಿಲ್ಲ, ಬೆಳೆದು, ತಿಳಿದು, ತಾನೇ ಒಪ್ಪಿ ಬರಬೇಕು' ಎಂದು ಹಟ ಹಿಡಿದು, ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಮಾಡಿಸಿಕೊಂಡರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾನ್ಸ್‌ನನ್ನು 1527ರಲ್ಲಿ ಅದೇ ಊರಿನ ನದಿಯಲ್ಲಿ ಮುಳುಗಿಸಿ ಕೊಂದರು. 'ತಿಳಿದು, ತಾನೇ ಒಪ್ಪಿ' ಅನ್ನುವುದನ್ನು ನೆನಪಿಟ್ಟುಕೋ. ಎಲ್ಲ ತಕರಾರೂ ಅಲ್ಲಿಂದಲೇ ಶುರು.

ನಮ್ಮ ಪಕ್ಕದ ಮನೆಯ ಅಜ್ಜನ ಬಗ್ಗೆ ಹಿಂದೆ ಬರೆದಿದ್ದೆ ಅಲ್ವಾ, ಮೆನೊನೈಟರು, ಮರಗೆಲಸದವರು, ನಿವೃತ್ತರು. ನಾನು ಇಂಡಿಯಾದವನು ಅಂದಾಗ ಮೊದಲು ಕೇಳಿದ್ದು 'ಧಮ್ತರಿ ಹತ್ತಿರವಾ?' ಅಂತ. ನಾನು ಆ ಹೆಸರೇ ಕೇಳಿರಲಿಲ್ಲ. ಛತ್ತೀಸ್‌ಗಢದ ಊರಂತೆ. 1899ರಲ್ಲಿ, ಬರಗಾಲದ ಹೊತ್ತಿಗೆ ಇವರ ಮಿಷನರಿಗಳು ಅಲ್ಲಿಗೆ ಹೋಗಿದ್ದರು. ಆಮೇಲೆ ಹುಡುಕಿ ನೋಡಿದರೆ, ಇವರದೇ ಇನ್ನೊಂದು ಶಾಖೆಯವರ ಸಭೆಗಳು, ಅಂದರೆ ಚರ್ಚಿನ ಬಳಗಗಳು, ನಮ್ಮ ರಾಯಚೂರಿನ ಗಡಿಯಾಚೆ ಗದ್ವಾಲ, ನಾರಾಯಣಪೇಟೆ ಕಡೆಯೂ ಇವೆ. ನಾವು ಓದಿದ ಊರಿನಿಂದ ಒಂದು ಬಸ್ಸಿನ ದಾರಿ. ಗೊತ್ತಾಗಲು ಇಂಡಿಯಾನಾಗೆ ಬರಬೇಕಾಯಿತು!

ಈ ಅಜ್ಜನಿಗೆ ಒಬ್ಬ ಅಣ್ಣ ಇದ್ದ. ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಪ್ರತಿ ಭಾನುವಾರ ಅಪ್ಪ ಅಮ್ಮನ ಜೊತೆ ಚರ್ಚಿಗೆ ಹೋಗುತ್ತಿದ್ದ, ಹಾಡುಗಳನ್ನು ತನ್ನದೇ ರಾಗದಲ್ಲಿ ಹಾಡುತ್ತಿದ್ದ. ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನದ ದಿನ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. ಅಣ್ಣನ ಹತ್ತಿರ ಬಂದಾಗ ಅವನ ತಲೆಯ ಮೇಲಿಂದ ದಾಟಿ ಮುಂದಿನವರಿಗೆ ಹೋಗುತ್ತಿತ್ತು. ದೀಕ್ಷಾಸ್ನಾನ ಆಗದವರಿಗೆ ರೊಟ್ಟಿ ಇಲ್ಲ. ತಿಳಿದು ಒಪ್ಪದವರಿಗೆ ದೀಕ್ಷಾಸ್ನಾನ ಇಲ್ಲ. ಅವನಿಗೆ ತಿಳಿಯುವುದಿಲ್ಲ ಎಂದು ಹಿರಿಯರು ತೀರ್ಮಾನಿಸಿದ್ದರು. ಕಟುವಾಗಿ ಹೇಳಲಿಲ್ಲ, ತುಂಬ ಪ್ರೀತಿಯಿಂದಲೇ ಹೇಳಿದ್ದರು: 'ಅವನಲ್ಲಿ ಪಾಪವೇ ಇಲ್ಲ. ಅವನು ದೇವರ ಮಗು. ಅವನಿಗೆ ಇದೆಲ್ಲ ಬೇಕಾಗಿಲ್ಲ.' ಅಣ್ಣ ಐವತ್ತು ದಾಟಿ ಸತ್ತ. ಕೊನೆಯವರೆಗೂ ಸಭೆಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಅಜ್ಜ ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಕನ್ನಡದಲ್ಲಿ. ನಮ್ಮಲ್ಲಿ ಪಾಪ ಅನ್ನುವ ಒಂದೇ ಮಾತಿಗೆ ಎರಡು ಕೆಲಸ. ಮಾಡುವುದೂ ಪಾಪ, ಮರುಗುವುದೂ ಪಾಪ. ಅವರು 'ಪಾಪ ಇಲ್ಲ' ಎಂದು ತಟ್ಟೆ ದಾಟಿಸಿದರು. ನಿನ್ನ ಷಡ್ಡಕ 'ಪಾಪ' ಎಂದು ಮನೆಯಲ್ಲೇ ಬಿಡು ಅಂದ. ಯಾರೂ ಬೈಯಲಿಲ್ಲ, ಯಾರೂ ತಳ್ಳಲಿಲ್ಲ. ಇಂಥವರ ಹತ್ತಿರ ಜಗಳ ಮಾಡಲಿಕ್ಕೂ ಬರುವುದಿಲ್ಲ ನೋಡು.

ಹಾಗಂತ ಇವರು ಕಲ್ಲುಮನಸ್ಸಿನವರಲ್ಲ. ಎರಡನೇ ಮಹಾಯುದ್ಧದಲ್ಲಿ ನಂಬಿಕೆಯ ಕಾರಣಕ್ಕೆ ಬಂದೂಕು ಹಿಡಿಯುವುದಿಲ್ಲ ಅಂದ ಹುಡುಗರನ್ನು ಸರ್ಕಾರ ಬೇರೆ ಕೆಲಸಗಳಿಗೆ ಹಾಕಿತು. ಹಾಗೆ ಹೋದ ಸುಮಾರು 12,000 ಜನರಲ್ಲಿ ಮೆನೊನೈಟರೇ ದೊಡ್ಡ ಗುಂಪು. ಆ 12,000ದಲ್ಲಿ ಸುಮಾರು 3,000 ಜನ ಮಾನಸಿಕ ಆಸ್ಪತ್ರೆಗಳಲ್ಲಿ, ಬುದ್ಧಿಮಾಂದ್ಯರ ವಸತಿಗಳಲ್ಲಿ ದುಡಿದರು. ಅಲ್ಲಿ ನೋಡಿದ್ದು ನರಕ. ಬಟ್ಟೆಯಿಲ್ಲದೆ ನೆಲದ ಮೇಲೆ ಬಿದ್ದಿದ್ದ ರೋಗಿಗಳು. ಇವರಂತೆಯೇ ಯುದ್ಧಕ್ಕೆ ಹೋಗದ ಒಬ್ಬ ಹುಡುಗ ಫಿಲಡೆಲ್ಫಿಯಾದ ಆಸ್ಪತ್ರೆಯೊಂದರಲ್ಲಿ ಕದ್ದು ತೆಗೆದ ಫೋಟೋಗಳು 1946ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದು ದೇಶವೇ ಬೆಚ್ಚಿತು. ಯುದ್ಧ ಮುಗಿದ ಮೇಲೆ ಮೆನೊನೈಟರು ತಾವೇ ಆಸ್ಪತ್ರೆ ಕಟ್ಟಿದರು. 1949ರಲ್ಲಿ ಮೇರಿಲ್ಯಾಂಡಿನ ಬ್ರೂಕ್ ಲೇನ್ ಮೊದಲನೆಯದು. ನಮ್ಮ ಗೋಶನ್ನಿನಲ್ಲಿರುವ ಓಕ್‌ಲಾನ್ ಕೂಡ ಅದೇ ಬೇರಿನದು.

ಆದರೆ ಲೆಕ್ಕ ಹಾಕಿ ನೋಡು. ದೂರದ ಆಸ್ಪತ್ರೆಯಲ್ಲಿ ಯಾರದೋ ಮಕ್ಕಳಿಗೆ ತುತ್ತು ತಿನ್ನಿಸಿದ ಜನ, ತಮ್ಮದೇ ಸಾಲಿನಲ್ಲಿ ಕೂತವನ ತಲೆಯ ಮೇಲಿಂದ ತಟ್ಟೆ ದಾಟಿಸಿದರು. ಅಜ್ಜ ಇದನ್ನು ಹೇಳುವಾಗ ಸಿಟ್ಟು ಮಾಡಿಕೊಳ್ಳುವುದಿಲ್ಲ. ನನಗೆ ಮಾತ್ರ ಸಿಟ್ಟು ಬಂತು.

ಅಜ್ಜ ಈಗ ಮಾಡುವ ಕೆಲಸವೇ ಇದು. ಅನಾಬ್ಯಾಪ್ಟಿಸ್ಟ್ ಡಿಸೆಬಿಲಿಟೀಸ್ ನೆಟ್‌ವರ್ಕ್ ಅಂತ ಒಂದು ಸಣ್ಣ ಸಂಸ್ಥೆ ಇದೆ, ನಮ್ಮ ಈ ಎಲ್ಕಾರ್ಟ್ ಕಡೆಯದೇ. ಸಂಬಳದವರು ಕೆಲವೇ ಜನ. ಉಳಿದಂತೆ ಫೀಲ್ಡ್ ಅಸೋಸಿಯೇಟ್ ಎಂಬ ಸ್ವಯಂಸೇವಕರು. ಸ್ವತಃ ಅಂಗವಿಕಲರು, ಅಂಥ ಮಕ್ಕಳ ತಂದೆ ತಾಯಿ, ನಿವೃತ್ತ ಮೇಷ್ಟ್ರು, ಪಾಸ್ಟರುಗಳು. ಅವರು ಬರೆಯುತ್ತಾರೆ, ಸಭೆಗಳಿಗೆ ಹೋಗಿ ಮಾತಾಡುತ್ತಾರೆ, ಕೇಳಿದವರಿಗೆ ದಾರಿ ಹೇಳುತ್ತಾರೆ. ಪ್ರತಿ ಸಭೆಯಲ್ಲೂ ಇದಕ್ಕಾಗಿಯೇ ಒಬ್ಬ ವಕ್ತಾರ ಇರಲಿ ಅನ್ನುವುದು ಅವರ ಆಸೆ. ನಮ್ಮ ಅಜ್ಜ ತಮ್ಮ ಸಭೆಯ ವಕ್ತಾರ. ಕೆಲಸ ಏನು ಅಂದರೆ, ಅವರ ಮಾತಿನಲ್ಲಿ, 'ಪ್ರತಿ ಮೀಟಿಂಗಿನಲ್ಲೂ ಎಲ್ಲರಿಗೂ ಬೇಜಾರಾಗುವ ಒಂದು ಪ್ರಶ್ನೆ ಕೇಳುವುದು.'

ಕೇಳಲೇಬೇಕು, ಯಾಕೆಂದರೆ ಕಾನೂನು ಕೇಳುವುದಿಲ್ಲ. ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಕಾಯ್ದೆ ಬಂತು. ಅಂಗಡಿ, ಹೋಟೆಲು, ಸಿನಿಮಾ ಮಂದಿರ ಎಲ್ಲಕ್ಕೂ ಇಳಿಜಾರು ದಾರಿ ಬೇಕಾಯಿತು. ಧಾರ್ಮಿಕ ಸಂಸ್ಥೆಗಳಿಗೆ ಮಾತ್ರ ಆ ಕಾಯ್ದೆಯೇ ವಿನಾಯಿತಿ ಕೊಟ್ಟಿತು. ಬರ್ಗರ್ ಅಂಗಡಿಗೆ ವೀಲ್‌ಚೇರಿನಲ್ಲಿ ಹೋಗಬಹುದು, ದೇವರ ಮನೆಗೆ ಹೋಗುವುದು ಸಭೆಯವರ ಮರ್ಜಿ.

ಅಜ್ಜ ಮೊದಲು ಮಾಡಿದ್ದು ಗರಗಸದ ಕೆಲಸ. ಚರ್ಚಿನ ಉದ್ದ ಬೆಂಚುಗಳಿವೆಯಲ್ಲ, ಅವುಗಳಲ್ಲಿ ಎರಡರ ತುದಿಯನ್ನು ಕತ್ತರಿಸಿ ಮೊಟಕು ಮಾಡಿದರು. ಅದಕ್ಕೆ ಮುಂಚೆ ವೀಲ್‌ಚೇರ್ ಇದ್ದವರು ನಡುದಾರಿಯಲ್ಲೋ, ಹಿಂದಿನ ಗೋಡೆಗೆ ಒತ್ತಿಯೋ ಇರಬೇಕಿತ್ತು. ಈಗ ಸಾಲಿನೊಳಗೇ, ಮನೆಯವರ ಪಕ್ಕದಲ್ಲೇ ಕೂರುತ್ತಾರೆ. ಅಷ್ಟೇ ಕೆಲಸ, ಒಂದು ಮಧ್ಯಾಹ್ನದ್ದು. ಅದಕ್ಕೆ ಒಪ್ಪಿಗೆ ಸಿಗಲು ಎರಡು ವರ್ಷ ಬೇಕಾಯಿತಂತೆ. ಬೆಂಚು ಹಳೆಯ ಓಕ್ ಮರದ್ದು ಅಂತ.

ಆಮೇಲೆ ಪ್ರಸಂಗ ಮಾಡುವ ವೇದಿಕೆಯ ಮೂರು ಮೆಟ್ಟಿಲು. ಬಾಗಿಲಿಗೆ ಇಳಿಜಾರು ಆಗಲೇ ಇತ್ತು. ವೇದಿಕೆಗೆ ಯಾಕೆ ಬೇಕು ಅಂದರು ಹಿರಿಯರು. ಕೂತು ಕೇಳಲು ಬರುತ್ತಾರೆ ಎಂದು ಊಹಿಸಿದ್ದರು, ಮೇಲೆ ನಿಂತು ಮಾತಾಡಲೂ ಬರಬಹುದು ಎಂದು ಊಹಿಸಿರಲಿಲ್ಲ. ಅಜ್ಜ ಅಲ್ಲಿ ಒಂದು ಬಾಣ ಬಿಟ್ಟರು. ಈ ಪಂಥಕ್ಕೆ ಹೆಸರು ಬಂದದ್ದೇ ಮೆನೊ ಸೈಮನ್ಸ್‌ನಿಂದ. ಹದಿನಾರನೇ ಶತಮಾನದವನು, ಕೊನೆಗಾಲದಲ್ಲಿ ಕಾಲು ಊನ. ಊರುಗೋಲು ಹಿಡಿದ ಅವನ ಚಿತ್ರಗಳಿವೆ. 'ಮೆನೊ ಇವತ್ತು ಬಂದರೆ ಅವರನ್ನು ಎಲ್ಲಿ ನಿಲ್ಲಿಸೋಣ?' ಅಂದರಂತೆ. ಇಳಿಜಾರು ಬಂತು. ಆಗ ವಿರೋಧ ಮಾಡಿದ ಇಬ್ಬರು ಈಗ ವಾಕರ್ ಹಿಡಿದು ಅದರ ಮೇಲೇ ಹೋಗುತ್ತಾರೆ. ಅಜ್ಜನಿಗೆ ಇದನ್ನು ಹೇಳುವಾಗ ಎಷ್ಟು ಖುಷಿ ಅಂತೀಯಾ!

ಇದೆಲ್ಲ ಸುಲಭದ್ದು. ಕಷ್ಟದ್ದು ನೀರಿನ ವಿಷಯ.

ಆ ಸಭೆಯಲ್ಲಿ ನಮ್ಮ ವಯಸ್ಸಿನವನೇ ಒಬ್ಬ ಇದ್ದಾನೆ. ಮಾತು ಕಡಿಮೆ, ನಾಲ್ಕೈದು ಪದ. ಭಾನುವಾರ ಬಾಗಿಲಲ್ಲಿ ನಿಂತು ಎಲ್ಲರಿಗೂ ಹಾಡಿನ ಹಾಳೆ ಕೊಡುವುದು ಅವನ ಕೆಲಸ. ಒಂದು ವಾರ ನೀನು ಬರದಿದ್ದರೆ ಮುಂದಿನ ವಾರ ಹಾಳೆ ಕೊಡುವಾಗ ಗಟ್ಟಿಯಾಗಿ ಹಿಡಿದುಕೊಂಡು ಬಿಡುವುದಿಲ್ಲ, ಎಲ್ಲಿ ಹೋಗಿದ್ದೆ ಅನ್ನುವ ಹಾಗೆ. ಅವನಿಗೆ ದೀಕ್ಷಾಸ್ನಾನ ಆಗಬೇಕು ಎಂದು ಅಜ್ಜ ಕೇಳಿದಾಗ ಕೆಲವರು ಒಪ್ಪಲಿಲ್ಲ. ಅವರ ಪ್ರಶ್ನೆ ಪೊಳ್ಳಲ್ಲ, ನೋಡು. ಅವನು ತಿಳಿದು ಒಪ್ಪಿದ್ದಾನೆ ಎಂದು ಹೇಗೆ ಹೇಳುತ್ತೀರಿ? ನಾವೇ ಅವನ ಪರವಾಗಿ ಹೂಂ ಅಂದರೆ, ಕೂಸಿಗೆ ನೀರು ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದರ ವಿರುದ್ಧ ಅಲ್ಲವೇ ನಮ್ಮ ಹಿರಿಯರು ಪ್ರಾಣ ಕೊಟ್ಟದ್ದು?

ಅಜ್ಜ ವಾದ ಮಾಡಲಿಲ್ಲ. ಅವನನ್ನೇ ಕೇಳೋಣ ಅಂದರು. ವಾರಕ್ಕೊಮ್ಮೆ ಅವನ ಜೊತೆ ಕೂತರು. ಚಿತ್ರಗಳು, ಒಂದು ತುಂಡು ರೊಟ್ಟಿ, ಒಂದು ಟವೆಲ್, ಒಂದು ಬೋಗುಣಿ ನೀರು. ಇವರಲ್ಲಿ ದೀಕ್ಷೆಗೆ ತಲೆಯ ಮೇಲೆ ನೀರು ಸುರಿಯುತ್ತಾರೆ. ಕೆಲವು ತಿಂಗಳಾದ ಮೇಲೆ 'ಬೇಕಾ?' ಎಂದು ಕೇಳಿದರೆ ಅವನು 'ನೋ' ಅಂದ. ಸ್ಪಷ್ಟವಾಗಿ.

ಅಲ್ಲಿಗೆ ಕೈಬಿಟ್ಟರು. ಬೇಡ ಅಂದರೆ ಬೇಡ. ಆದರೆ ವಾರದ ಭೇಟಿ ನಿಲ್ಲಿಸಲಿಲ್ಲ, ಡೋನಟ್ ತಿಂದು ಬರುತ್ತಿದ್ದರು. ಎಷ್ಟೋ ದಿನದ ಮೇಲೆ ಅವನ ತಾಯಿ ಏನೋ ಮಾತಿಗೆ ಅಂದರಂತೆ, ಇವನಿಗೆ ಮುಖದ ಮೇಲೆ ನೀರು ಬಿದ್ದರೆ ಆಗುವುದಿಲ್ಲ, ಸ್ನಾನಕ್ಕೂ ಇದೇ ಗೋಳು ಎಂದು. ಅಜ್ಜ ಮರುವಾರ ಬರೀ ಅಂಗೈ ಒದ್ದೆ ಮಾಡಿಕೊಂಡು ತಮ್ಮ ತಲೆಯ ಮೇಲೆ ಇಟ್ಟು ತೋರಿಸಿದರು. ಅವನು ಅಜ್ಜನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡ.

ತಕರಾರು ಮಾಡಿದವರಲ್ಲಿ ಜೋರಾಗಿದ್ದ ಮುದುಕಿಯೇ ಆಮೇಲೆ ಸಭೆಯಲ್ಲಿ ಎದ್ದು ಹೇಳಿದಳಂತೆ: ಬೇಡ ಅನ್ನಲು ಬರುವವನ ಬೇಕು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಾನು ಆ ಭಾನುವಾರ ಹೋಗಿದ್ದೆ. ವಾದ್ಯವಿಲ್ಲದೆ ನಾಲ್ಕು ಸ್ವರದಲ್ಲಿ ಹಾಡುತ್ತಾರೆ ಇವರು, ಕೇಳಬೇಕು ನೀನು. ಪಾಸ್ಟರ್ ಒದ್ದೆ ಕೈ ಇಟ್ಟರು. ಆಮೇಲೆ ರೊಟ್ಟಿಯ ತಟ್ಟೆ ಬಂತು. ಅವನು ಒಂದು ತುಂಡು ತೆಗೆದುಕೊಂಡ, ಸ್ವಲ್ಪ ದೊಡ್ಡದೇ. ಅಜ್ಜ ನನ್ನ ಪಕ್ಕದಲ್ಲಿದ್ದರು. ಅವರ ಕಡೆ ನೋಡುವ ಧೈರ್ಯ ಆಗಲಿಲ್ಲ.

ಇನ್ನು ನೀನು ಯಾವಾಗಲೂ ಕೇಳುವ ಪ್ರಶ್ನೆ, 'ನಾವು ಹೋದ ಮೇಲೆ ಏನು?' ಅದಕ್ಕೂ ಇವರು 1980ರ ದಶಕದಿಂದ ಒಂದು ದಾರಿ ಹೇಳುತ್ತಾ ಬಂದಿದ್ದಾರೆ. ಒಬ್ಬರ ಸುತ್ತ ಸಭೆಯ ಕೆಲವರು ಒಂದು ಸಣ್ಣ ಗುಂಪು ಕಟ್ಟುವುದು. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ, ಕಾಯಿಲೆ ಬಿದ್ದ ಮೇಲಲ್ಲ. ನಾನು ಹೇಳಿದವನ ಗುಂಪಿನಲ್ಲಿ ಒಬ್ಬರು ಬ್ಯಾಂಕಿನ ಕಾಗದ ನೋಡುತ್ತಾರೆ, ಒಬ್ಬರು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, ಇನ್ನೊಬ್ಬರು ಬರೀ ಬೌಲಿಂಗ್ ಆಡಲು. ಅವನೂ ಮೀಟಿಂಗಿನಲ್ಲಿ ಕೂರುತ್ತಾನೆ. ಎಲ್ಲ ಸಭೆಯಲ್ಲೂ ಹೀಗಿದೆ ಅಂದುಕೊಳ್ಳಬೇಡ. ಹೆಚ್ಚಿನ ಕಡೆ ಗುಂಪು ಕಟ್ಟುವ ಉತ್ಸಾಹ ಜಾಸ್ತಿ, ಐದನೇ ವರ್ಷಕ್ಕೆ ಉಳಿಯುವವರು ಕಡಿಮೆ, ಅನ್ನುತ್ತಾರೆ ಅಜ್ಜ. ನಮ್ಮಲ್ಲೂ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಪೋಷಕರನ್ನು ನೇಮಿಸುವ ದಾರಿ ಇದೆ, ಜಿಲ್ಲೆಯ ಸಮಿತಿಯ ಮೂಲಕ. ಆ ಕಾಗದ ಮಾಡಿಸಿಟ್ಟಿದ್ದೀಯಾ? ಮಾಡಿಸು. ಆದರೆ ಕಾಗದ ಪುಟ್ಟಿಯನ್ನು ಜಾತ್ರೆಗೆ ಕರೆದುಕೊಂಡು ಹೋಗುವುದಿಲ್ಲ. ಅದಕ್ಕೆ ಜನ ಬೇಕು. ಒಬ್ಬನ ಹೆಸರು ಬರೆದುಕೋ, ನನ್ನದು.

ಇಷ್ಟು ಬರೆದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಮೊನ್ನೆ ಅಜ್ಜನಿಗೆ ಪುಟ್ಟಿಯ ಬಗ್ಗೆ ಹೇಳುತ್ತಿದ್ದೆ. 'ಅವಳಿಗೆ ಏನು ಇಷ್ಟ?' ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಪ್ರತಿ ಫೋನಿನಲ್ಲೂ 'ಪುಟ್ಟಿ ಹೇಗಿದ್ದಾಳೆ' ಎಂದು ನಿನ್ನನ್ನೇ ಕೇಳಿದ್ದೇನೆ. ಅವಳನ್ನು ಒಂದು ಸಲವೂ ಕೇಳಿಲ್ಲ.

ಜನವರಿಯಲ್ಲಿ ಊರಿಗೆ ಬರುತ್ತೇನೆ, ತಂಗಿಯ ಮಗನ ಮದುವೆ. ಬಾಗಿಲಲ್ಲಿ ಪನ್ನೀರು ಹಾಕಲು, ಸಕ್ಕರೆ ಕೊಡಲು ಜನ ಬೇಕು ಎಂದು ತಂಗಿ ಹೇಳುತ್ತಿದ್ದಳು. ಪುಟ್ಟಿ ನಿಲ್ಲುತ್ತಾಳಾ ಎಂದು ಕೇಳಬೇಕಿದೆ. ನೀನು ಉತ್ತರ ಕೊಡಬೇಡ. ಈ ಭಾನುವಾರ ನಿಮ್ಮ ಸಂಜೆ ಏಳೂವರೆಗೆ ಫೋನ್ ಮಾಡುತ್ತೇನೆ, ಅವಳ ಕೈಗೆ ಕೊಡು. ಬೇಡ ಅಂದರೆ ಬೇಡ, ಡೋನಟ್ ವಿಷಯ ಮಾತಾಡುತ್ತೇವೆ.

ನಿನ್ನ,
ಗೋಶನ್ನಿನ ಗೆಳೆಯ